ತಿದಿಯ ಉಸಿರು

ಶ್ರೀರಾಮನವಮಿಯ ಭಜನೆಯಾಗಲಿ, ಸುಗ್ಗಿ ಮುಗಿದ ಮೇಲೆ ಹಳ್ಳಿಯವರು ಆಡುವ ಪೌರಾಣಿಕ ನಾಟಕವಾಗಲಿ, ನಮ್ಮ ಕೋಲಾರದ ಸೀಮೆಯಲ್ಲಿ ಹಾರ್ಮೋನಿಯಂ ಇಲ್ಲದೆ ನಡೆಯುವುದು ಅಪರೂಪ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ನೆಲೆಸಿದ್ದ ಶ್ರೀಪಾದರಾಜರು 15ನೆಯ ಶತಮಾನದಲ್ಲಿ ರಚಿಸಿದ ದೇವರನಾಮಗಳನ್ನು ಕೂಡ ಇಂದು ಈ ಪೆಟ್ಟಿಗೆಯ ಶ್ರುತಿಗೆ ಹಾಡುತ್ತೇವೆ. ಆದರೂ ಸಂಗೀತ ಬಲ್ಲವರಲ್ಲಿ ಅನೇಕರು ಅದನ್ನು ಅರೆಮನಸ್ಸಿನಿಂದಲೇ ಒಪ್ಪಿದ್ದಾರೆ. "ಪೆಟ್ಟಿಗೆಗೆ ಗಮಕವಿಲ್ಲ, ಜೀವವಿಲ್ಲ" ಎಂಬುದು ಅವರ ಆಕ್ಷೇಪ. ಅಖಿಲ ಭಾರತ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. 1971ರಲ್ಲಷ್ಟೇ ಆ ಕಟ್ಟು ಸಡಿಲವಾಯಿತು. ಈ ಆಕ್ಷೇಪದಲ್ಲಿ ನಿಜವೆಷ್ಟು? ಪೆಟ್ಟಿಗೆಯ ದಾಯಾದಿಯಾದ ಅಕಾರ್ಡಿಯನ್ನನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ದೊರೆಯುತ್ತದೆ.

1964ರ 'ಸಂಗಮ್' ಚಿತ್ರದಲ್ಲಿ ರಾಜ್ ಕಪೂರ್ ಹೆಗಲಿಗೆ ತೂಗುಹಾಕಿಕೊಂಡು ನುಡಿಸುವ ವಾದ್ಯವೇ ಅಕಾರ್ಡಿಯನ್. ವಿಯೆನ್ನಾದ ಸಿರಿಲ್ ಡೇಮಿಯನ್ 1829ರಲ್ಲಿ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಕೈ ಹಾರ್ಮೋನಿಯಂ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಂದ ರೂಪುಗೊಂಡಿತು. ಎರಡರ ಮೂಲತತ್ತ್ವವೂ ಒಂದೇ. ಒಂದು ತುದಿಯಲ್ಲಿ ಬಿಗಿದ ಲೋಹದ ನಾಲಗೆ. ಅದರ ಸೀಳಿನಲ್ಲಿ ಗಾಳಿ ಹಾಯ್ದಾಗ ನಾಲಗೆ ಕಂಪಿಸಿ ಸ್ವರ ಹುಟ್ಟುತ್ತದೆ.

ವ್ಯತ್ಯಾಸವಿರುವುದು ತಿದಿಯಲ್ಲಿ. ಹಾರ್ಮೋನಿಯಮ್ಮಿನ ಹೊರತಿದಿಯು ಒತ್ತಿದ ಗಾಳಿ ನೇರವಾಗಿ ನಾಲಗೆಗೆ ಹೋಗದೆ ಒಳಗಿನ ಇನ್ನೊಂದು ತಿದಿಯಲ್ಲಿ ಸಂಗ್ರಹವಾಗುತ್ತದೆ. ಅಲ್ಲಿನ ಸ್ಪ್ರಿಂಗುಗಳು ಒತ್ತಡವನ್ನು ಸಮನಾಗಿಸುತ್ತವೆ. ಆದುದರಿಂದ ನಾದ ಎಡೆಬಿಡದೆ ಹರಿಯುತ್ತದೆ. ಆದರೆ ಎಡಗೈಯ ಮನೋಭಾವ ದಾರಿಯಲ್ಲಿಯೇ ಕರಗಿಹೋಗುತ್ತದೆ. ಅಕಾರ್ಡಿಯನ್ನಿಗೆ ಇಂತಹ ಕಣಜವಿಲ್ಲ. ತೋಳಿನ ಒತ್ತಡ ನೇರವಾಗಿ ನಾಲಗೆಯನ್ನು ಮುಟ್ಟುತ್ತದೆ. ಇಲ್ಲವೆಂಬಷ್ಟು ಮೆಲ್ಲಗೆ ಸ್ವರವನ್ನು ಎತ್ತಿ, ಉಬ್ಬಿಸಿ, ಮತ್ತೆ ಮೌನಕ್ಕೆ ಇಳಿಸಬಹುದು.

ಈ ಗುಣವನ್ನು ಪೂರ್ಣವಾಗಿ ಬಳಸಿಕೊಂಡವರಲ್ಲಿ ಸೋಫಿಯಾ ಗುಬೈದುಲಿನಾ (1931-2025) ಪ್ರಮುಖರು. 1979ರಲ್ಲಿ ಸೋವಿಯತ್ ಸಂಗೀತರಚನಕಾರರ ಸಂಘದ ಸಮ್ಮೇಳನದಲ್ಲಿ ಖಂಡನೆಗೆ ಗುರಿಯಾದ ಏಳು ಮಂದಿಯಲ್ಲಿ ಆಕೆಯೂ ಒಬ್ಬರು. ರಷ್ಯದ ಗುಂಡಿ ಅಕಾರ್ಡಿಯನ್ನಾದ ಬಯಾನಿಗೆ 1978ರಲ್ಲಿ ಆಕೆ ಬರೆದ 'ಡೆ ಪ್ರೊಫುಂಡಿಸ್' ಕೃತಿಯಲ್ಲಿ ಸ್ವರವೇ ಇಲ್ಲದೆ ಬರಿಯ ಗಾಳಿ ಹಾಯುವ ಸದ್ದೂ ಸಂಗೀತವಾಗುತ್ತದೆ; ವಾದ್ಯವೇ ನಿಟ್ಟುಸಿರಿಟ್ಟಂತೆ ಕೇಳಿಸುತ್ತದೆ.

1991ರ 'ಸಿಲೆಂಜಿಯೊ' ಬಯಾನ್, ಪಿಟೀಲು, ಚೆಲ್ಲೊ ಈ ಮೂರಕ್ಕೆ ಬರೆದ ಐದು ತುಣುಕುಗಳ ಕೃತಿ. ಹೆಸರಿನ ಅರ್ಥ 'ಮೌನ'. ಇದು ಚೇಂಬರ್ ಸಂಗೀತ. ಎಂದರೆ ಕೆಲವೇ ವಾದಕರು, ಪ್ರತಿಯೊಬ್ಬರಿಗೂ ತಮ್ಮದೇ ಭಾಗ. ನಮ್ಮ ಕಚೇರಿಯಂತೆ ಇಲ್ಲಿ ಮುಖ್ಯರು, ಪಕ್ಕವಾದ್ಯದವರು ಎಂಬ ಭೇದವಿಲ್ಲ. ಕೃತಿಯ ಬಹುಭಾಗ ಅತಿ ಮೆಲುದನಿಯಲ್ಲಿ ಸಾಗುತ್ತದೆ. ಕಮಾನು ತಂತಿಯನ್ನು ತೀಡುವುದೂ ತಿದಿ ಗಾಳಿಯನ್ನು ಒತ್ತುವುದೂ ಇಲ್ಲಿ ಸೋದರಕ್ರಿಯೆಗಳು. ಎರಡಕ್ಕೂ ಹೋಗುವಿಕೆ-ಬರುವಿಕೆಗಳುಂಟು; ಎರಡೂ ಮೌನದಿಂದ ಹುಟ್ಟಿ ಮೌನದಲ್ಲಿ ಅಡಗಬಲ್ಲವು.

ಹಾಗಾದರೆ ಆಕ್ಷೇಪ ಅರ್ಧ ನಿಜ. ಬಿಳಿ, ಕರಿ ಮನೆಗಳ ನಡುವೆ ಜಾರುವ ಗಮಕ ಪೆಟ್ಟಿಗೆಗೆ ದಕ್ಕದು. ಆದರೆ ಜೀವವಿಲ್ಲವೆಂಬುದು ನಾಲಗೆಯ ದೋಷವಲ್ಲ. ಕಟ್ಟಿದ ರೀತಿಯದು, ಕೇಳದೆ ತಿದಿಯೊತ್ತುವ ನಮ್ಮ ಅಭ್ಯಾಸದ್ದು. ಪಿಟೀಲು ಸಹ ಪಶ್ಚಿಮದಿಂದ ಬಂದುದೇ. ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಚೌಡಯ್ಯನವರು ಏಳು ತಂತಿಗಳನ್ನು ಕಟ್ಟಿ ಅದಕ್ಕೆ ಹೊಸ ಗಾಂಭೀರ್ಯ ತಂದರು. ವಾದ್ಯದ ಜಾತಿ ಕೇಳದೆ ಅದರ ಶಕ್ತಿಯನ್ನು ಹುಡುಕಿದುದು ಅವರ ಹಿರಿಮೆ.

ಹಾರ್ಮೋನಿಯಂ ಕಲಿಯುವಾಗ ನಾವು ಬಲಗೈ ಬೆರಳುಗಳನ್ನಷ್ಟೇ ತಿದ್ದಿಕೊಳ್ಳುತ್ತೇವೆ. ಎಡಗೈಗೆ ಪಾಠವೇ ಇಲ್ಲ. ಮುಂದಿನ ಭಜನೆಯಲ್ಲಿ ಗಾಯಕನ ಉಸಿರನ್ನು ಗಮನಿಸಿ, ಅವನು ಇಳಿಸಿದಲ್ಲಿ ನಾವೂ ತಿದಿಯನ್ನು ಹಗುರಗೊಳಿಸಿ, ಅವನು ನಿಲ್ಲಿಸಿದಲ್ಲಿ ಕ್ಷಣಕಾಲ ಸುಮ್ಮನಿದ್ದು ನೋಡೋಣ. ಊರಿನ ಹಳೆಯ ಪೆಟ್ಟಿಗೆಯಲ್ಲಿಯೂ ಉಸಿರು ಇದೆಯೆಂದು ಆಗ ತಿಳಿದೀತು.