ಟ್ಯಾಂಕಿಗೆ ಎಷ್ಟು ಜನ ಅಂತ ಬರೆಯೋಣ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳ್ಳಿಗಳಿಗೆ ಕುಡಿಯುವ ನೀರಿನ ಎಸ್ಟಿಮೇಟ್ ಬರೆಯುತ್ತಲೇ ನನ್ನ ಎಂಜಿನಿಯರ್ ನೌಕರಿಯ ಬಹುಪಾಲು ಕಳೆಯಿತು. ಎಸ್ಟಿಮೇಟಿನ ಮೊದಲಲ್ಲೇ ಒಂದು ಕಾಲಂ ಇರುತ್ತದೆ: ಇನ್ನು ಮೂವತ್ತು ವರ್ಷಕ್ಕೆ ಈ ಊರಿನಲ್ಲಿ ಎಷ್ಟು ಜನ ಇರುತ್ತಾರೆ? ಪೈಪಿನ ಗಾತ್ರ, ಟ್ಯಾಂಕಿನ ಅಳತೆ, ಮೋಟರಿನ ಎಚ್‌ಪಿ, ಎಲ್ಲ ಆ ಒಂದು ಅಂಕಿಗೆ ಜೋತು ಬಿದ್ದಿರುತ್ತವೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕೇಳಿದಾಗ ಹೇಳುತ್ತಿದ್ದುದನ್ನು ಇಲ್ಲಿ ಬರೆದಿದ್ದೇನೆ.

1. ರಾಜ್ಯದ ದರವನ್ನು ಊರಿಗೆ ಹಚ್ಚಬೇಡಿ

2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ಶೇ 15.6ರಷ್ಟು ಬೆಳೆಯಿತು, ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು. ಆ ದಶಕದಲ್ಲಿ ರಾಜ್ಯದಲ್ಲಿ ಜನ ಇಳಿದ ಜಿಲ್ಲೆ ನಮ್ಮದೊಂದೇ.

ನಾನೂರು ಜನರ ಒಂದು ಊರು ಹಿಡಿಯಿರಿ. ರಾಜ್ಯದ ದರದಲ್ಲಿ ಮೂರು ದಶಕ ಗುಣಿಸಿದರೆ 618 ಆಗುತ್ತದೆ, ಜಿಲ್ಲೆಯ ದರದಲ್ಲಿ 397. ತಲೆಗೆ ದಿನಕ್ಕೆ 55 ಲೀಟರ್ ಅಂದರೆ ಒಂದು ಲೆಕ್ಕಕ್ಕೆ ಸುಮಾರು 34 ಸಾವಿರ ಲೀಟರ್, ಇನ್ನೊಂದಕ್ಕೆ 22 ಸಾವಿರ. ಎರಡಕ್ಕೂ ಸೂತ್ರ ಒಂದೇ, ಎರಡೂ ಕಾಗದದ ಮೇಲೆ ಸರಿ. ದೊಡ್ಡದನ್ನು ಬರೆದರೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ನಿಂತು ಪಾಚಿ ಕಟ್ಟಿದಾಗ ಬೈಸಿಕೊಳ್ಳುವವನು ವಾಟರ್‌ಮನ್.

ಜಿಲ್ಲೆಯ ದರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅದರಲ್ಲಿ ಕಡೂರಿನ ಬಯಲುಸೀಮೆಯೂ ಇದೆ, 2005ರ ಕೊನೆಗೆ ಗಣಿ ನಿಂತು ಬರಿದಾದ ಕುದುರೆಮುಖದ ಟೌನ್‌ಶಿಪ್ಪೂ ಇದೆ. ಗಣಿ ನಿಂತಿದ್ದು ಕೋರ್ಟಿನ ಆದೇಶದಿಂದ. ಅದು ಯಾವ ಜನನ ಮರಣ ಪುಸ್ತಕದಲ್ಲೂ ಮುಂಚಿತವಾಗಿ ಕಾಣುವುದಿಲ್ಲ.

2. ಜನ ಇಳಿದರೂ ಮನೆ ಇಳಿಯುವುದಿಲ್ಲ

ಇದನ್ನು ಪುಸ್ತಕ ಹೇಳಿಕೊಡುವುದಿಲ್ಲ. ಹಳೆಯ ತೊಟ್ಟಿಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರೇ. ಅಂಗಳದಾಚೆ ತಮ್ಮನ ಆರ್‌ಸಿಸಿ ಮನೆ. ಅಜ್ಜನ ಮಗ ಬೆಂಗಳೂರಿನಲ್ಲಿದ್ದಾನೆ, ಆದರೆ ಮೇಲಿನ ತೋಟದ ಪಕ್ಕ ಅವನೂ ಒಂದು ಮನೆ ಕಟ್ಟಿಸಿದ್ದಾನೆ, ಬಾಗಿಲಿಗೆ ಬೀಗ. ಹಿಂದೆ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಹದಿನಾಲ್ಕು ಜನರ ಜಾಗದಲ್ಲಿ ಈಗ ಮೂರು ಮನೆ, ನಾಲ್ಕು ಜನ, ಮೂರು ನಲ್ಲಿ. 2019ರಿಂದ ಜಲಜೀವನ್ ಮಿಷನ್ ಮನೆಗೊಂದು ನಲ್ಲಿ ಅಂದ ಮೇಲೆ ಪೈಪಿನ ಖರ್ಚು ತಲೆಗಳಿಗಿಂತ ಬಾಗಿಲುಗಳನ್ನು ನೋಡಿ ಏರುತ್ತದೆ. ಮಲೆನಾಡಿನಲ್ಲಿ ಒಂದು ಬಾಗಿಲಿಂದ ಇನ್ನೊಂದಕ್ಕೆ ಕಾಲು ಮೈಲಿ ಇರಬಹುದು, ನಡುವೆ ಒಂದು ಹಳ್ಳವೂ ಇರಬಹುದು.

ದೀಪಾವಳಿಗೆ, ಶ್ರಾದ್ಧಕ್ಕೆ, ಊರ ತೇರಿಗೆ ಆ ಬೀಗಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ಅವತ್ತು ನೀರು ಬರದಿದ್ದರೆ ಬೆಂಗಳೂರಿನಿಂದ ಬಂದವರೇ ಮೊದಲು ಫೋನ್ ಮಾಡುವುದು.

3. ದೇಶ ಬೆಳೆಯುತ್ತಿದೆ, ಹಾಗಾದರೆ ನಾವೂ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಆದರೂ 2011ರಲ್ಲಿ 121 ಕೋಟಿ ಇದ್ದ ದೇಶ 2036ಕ್ಕೆ ಸುಮಾರು 152 ಕೋಟಿ ಆಗುತ್ತದೆಂದು ಕೇಂದ್ರದ ತಾಂತ್ರಿಕ ಗುಂಪು ಅಂದಾಜು ಮಾಡಿದೆ. ಹೆರಿಗೆ ಕಡಿಮೆಯಾದರೂ ಜನ ಹೇಗೆ ಹೆಚ್ಚುತ್ತಾರೆ? ಹಿಂದೆ ಹೆಚ್ಚು ಹುಟ್ಟಿದವರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ತಲಾ ಒಂದೋ ಎರಡೋ ಆದರೂ ಅಮ್ಮಂದಿರೇ ಹೆಚ್ಚಾಗಿರುವುದರಿಂದ ಮಕ್ಕಳ ಮೊತ್ತ ದೊಡ್ಡದು. ಮುದುಕರೂ ಮೊದಲಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಆ ವಯಸ್ಸಿನವರು ರಾತ್ರಿ ಬಸ್ಸು ಹತ್ತಿ ಹೋಗಿದ್ದಾರೆ. ಅವರ ಮಕ್ಕಳು ಹುಟ್ಟುವುದು ಬೆಂಗಳೂರಿನ ಲೆಕ್ಕಕ್ಕೆ. ಉಳಿದ ಹುಡುಗರಲ್ಲಿ ನಲವತ್ತು ದಾಟಿದರೂ ಹೆಣ್ಣು ಸಿಗದವರು ಎಷ್ಟು ಮಂದಿ ಎಂದು ಅಡಿಕೆ ತೋಟದ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಹಳದಿ ಎಲೆ ರೋಗ ಬಂದ ಶೃಂಗೇರಿ, ಕೊಪ್ಪದ ತೋಟಗಳ ಮಾತು ಬೇರೆಯೇ. ಅಲ್ಲಿ ತಂದೆಯೇ ಮಗನಿಗೆ ಹೋಗು ಅನ್ನುತ್ತಾನೆ.

4. ಇಳಿದದ್ದು ಇಳಿಯುತ್ತಲೇ ಇರುತ್ತದೆ ಎಂದೂ ಬರೆಯಬೇಡಿ

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ಜನ ಕರಗುತ್ತಿದ್ದಾರೆ ಎಂಬುದೇ ಮೈಸೂರು ಸರ್ಕಾರದ ಚಿಂತೆಯಾಗಿತ್ತು. ಕಾರಣ ಮಲೇರಿಯಾ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮಲೆನಾಡು ಸುಧಾರಣೆಗೆಂದೇ ಯೋಜನೆ ಹೂಡಿದರು. ಎಡೆಹಳ್ಳಿ ನರಸಿಂಹರಾಜಪುರ ಆದದ್ದೂ ಅದೇ ಕಾಲದಲ್ಲಿ, ಯುವರಾಜರ ಹೆಸರಿನಲ್ಲಿ. ಅಂದಿನ ಎಂಜಿನಿಯರ್ ಒಬ್ಬ ಗೆರೆ ಎಳೆದಿದ್ದರೆ 1960ಕ್ಕೆ ಇಲ್ಲಿ ಕಾಡೊಂದೇ ಉಳಿಯಬೇಕಿತ್ತು.

ಆದರೆ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಡಿಡಿಟಿ ಬಂತು, ಸೊಳ್ಳೆ ಸೋತಿತು, ಹುಟ್ಟಿದ ಮಕ್ಕಳು ಉಳಿದರು. ಕೇರಳದ ಕೃಷಿಕರು ಬಂದು ನರಸಿಂಹರಾಜಪುರ, ಬಾಳೆಹೊನ್ನೂರಿನ ಸುತ್ತ ನೆಲೆಯೂರಿದರು, ರಬ್ಬರ್ ಹಾಕಿದರು. ಇನ್ನೊಂದು ಕಡೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ಹಿನ್ನೀರು ಊರುಗಳನ್ನೇ ನುಂಗಿತು. ಒಂದೇ ತಾಲ್ಲೂಕಿಗೆ ಒಂದೇ ಕಾಲದಲ್ಲಿ ಜನ ಬಂದದ್ದೂ ಉಂಟು, ಎದ್ದು ಹೋದದ್ದೂ ಉಂಟು.

5. ಎಣಿಸಿದ್ದು ಯಾವ ತಿಂಗಳು, ನೋಡಿ

2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಎಸ್ಟೇಟಿನ ಲೈನ್ ಮನೆಗಳು ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದವರಿಂದ ತುಂಬಿರುತ್ತವೆ. ಆ ದಿನಗಳಲ್ಲಿ ಅವರು ಸ್ವಂತ ಊರಿನಲ್ಲಿ ಇಲ್ಲದಿದ್ದರೆ ಇಲ್ಲಿಯೇ ಲೆಕ್ಕಕ್ಕೆ ಬರಬೇಕು. ಜೂನ್ ಮಳೆಯಲ್ಲಿ ಎಣಿಸಿದರೆ ಅದೇ ಊರಿನ ಅಂಕಿ ಬೇರೆ. ಶೃಂಗೇರಿ ಪೇಟೆಯಲ್ಲಿ ಇನ್ನೊಂದು ತಕರಾರು: ನವರಾತ್ರಿಗೆ ಬರುವ ಭಕ್ತರು ಜನಗಣತಿಯಲ್ಲಿ ಇಲ್ಲ, ನಲ್ಲಿಯ ಮುಂದೆ ಇರುತ್ತಾರೆ.

6. ಅಂಗನವಾಡಿ ಪುಸ್ತಕ ಮೊದಲು ನೋಡಿ

ಜೊತೆಗೆ ವೃದ್ಧಾಪ್ಯ ವೇತನದ ಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಊರಿನ ಮುಂದಿನ ಇಪ್ಪತ್ತು ವರ್ಷ ಗೊತ್ತಾಗುತ್ತದೆ, ಸೂತ್ರ ಬೇಡ.

7. ಅಂಕಿ ಹಿಂದೆ ಬಿದ್ದರೆ ನೀರಿನ ಜೊತೆ ಬೇರೆಯದೂ ಹೋಗುತ್ತದೆ

2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆ ಜಾರಿಯಾದಾಗ ಬೀರೂರು ಕ್ಷೇತ್ರವೇ ಇಲ್ಲವಾಯಿತು, ಜಿಲ್ಲೆಯ ಶಾಸಕರು ಆರರಿಂದ ಐದಾದರು. ನಮ್ಮ ಮೂರೂ ತಾಲ್ಲೂಕು ಸೇರಿ ಶೃಂಗೇರಿ ಎಂಬ ಒಂದೇ ಕ್ಷೇತ್ರ. ದಕ್ಷಿಣದ ರಾಜ್ಯಗಳು ಸಂಸತ್ತಿನ ಸೀಟುಗಳಿಗಾಗಿ ಈಗ ಪಡುತ್ತಿರುವ ಆತಂಕವನ್ನು ನಮ್ಮ ಜಿಲ್ಲೆ ರಾಜ್ಯದೊಳಗೇ ಒಮ್ಮೆ ಅನುಭವಿಸಿ ಆಗಿದೆ.

8. ಎಲ್ಲಕ್ಕೂ ಮೂವತ್ತು ವರ್ಷ ಬೇಡ

ನಿಯಮದಲ್ಲೇ ಇದಕ್ಕೆ ದಾರಿಯಿದೆ: ಪೈಪಿಗೆ ಮೂವತ್ತು ವರ್ಷ, ಪಂಪಿಗೆ ಹದಿನೈದು. ಹೂತ ಪೈಪನ್ನು ಮತ್ತೆ ಅಗೆಯುವುದು ಕಷ್ಟ, ಅದನ್ನು ಬಾಗಿಲುಗಳ ಲೆಕ್ಕಕ್ಕೆ ಧಾರಾಳವಾಗಿ ಹಾಕಿ. ಪಂಪನ್ನು ಇವತ್ತಿನ ಜನಕ್ಕೆ, ಕೊಯ್ಲಿನ ತಿಂಗಳಿಗೆ ಸಾಲುವಷ್ಟೇ ಇಡಿ. ಒಂದು ದೊಡ್ಡ ಟ್ಯಾಂಕಿನ ಬದಲು ಎರಡು ಚಿಕ್ಕವು, ಎರಡನೆಯದಕ್ಕೆ ಈಗ ಜಾಗ ಮಾತ್ರ.

2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಹಾಗಾಗಿ 2011ರ ಅಂಕಿ ಹಿಡಿದೇ ಇಷ್ಟು ವರ್ಷ ಎಸ್ಟಿಮೇಟ್ ಬರೆಯಬೇಕಾಯಿತು. ಹೊಸ ಗ್ರಾಮವಾರು ಪಟ್ಟಿ ಕೈಗೆ ಬಂದಾಗ ಒಟ್ಟು ಜನಸಂಖ್ಯೆಯ ಕಾಲಂಗೆ ಆಮೇಲೆ ಹೋಗಿ. ಕುಟುಂಬಗಳ ಸಂಖ್ಯೆ ನೋಡಿ, ಸೊನ್ನೆಯಿಂದ ಆರು ವರ್ಷದ ಮಕ್ಕಳನ್ನು ನೋಡಿ, ಮನೆಪಟ್ಟಿಯಲ್ಲಿ ಖಾಲಿ ಎಂದು ಬರೆದ ಮನೆಗಳು ಎಷ್ಟಿವೆ ನೋಡಿ. ಆಮೇಲೆ ಪೆನ್ನು ತೆಗೆಯಿರಿ.