ಕುಡುಗೋಲಿನ ಮೇಲೆ ಕೆಂಪು ಬಣ್ಣ ಏಕೆ?



ಮುಂಗಾರು ಬರುವ ಮುನ್ನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅಡಿಕೆ ತೋಟಗಳಲ್ಲಿ ನಾವು ಕೊಳೆರೋಗದ ಔಷಧಿಗೆ ಸಿದ್ಧರಾಗುತ್ತೇವೆ. ಜಗಳೂರಿನಂಥ ಮಳೆ ಕಡಿಮೆಯ ಸೀಮೆಯಲ್ಲಿ ಈ ರೋಗದ ಕಾಟ ಅಷ್ಟಿಲ್ಲ. ಆದರೂ ಬೋರ್ಡೋ ದ್ರಾವಣದ ಮರ್ಮ ಎಲ್ಲರೂ ತಿಳಿದಿರಬೇಕು. ಮೈಸೂರು ಸಂಸ್ಥಾನದಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ದ್ರಾವಣ ನಮ್ಮ ಆಸರೆಯಾಗಿದೆ.

ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನು ಒಂದು ನಿಮಿಷ ಅದ್ದುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎನ್ನುತ್ತೇವೆ. ಈ ಕೆಂಪು ಎಲ್ಲಿಂದ ಬಂತು?

ಪ್ರತಿ ವಸ್ತುವೂ ಪರಮಾಣುಗಳಿಂದಾಗಿದೆ. ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಬೀಜ, ಸುತ್ತ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು. ಎರಡು ಪರಮಾಣುಗಳು ಕೂಡಿದಾಗ ಎಲೆಕ್ಟ್ರಾನುಗಳಿಗಾಗಿ ಹಗ್ಗಜಗ್ಗಾಟ ನಡೆಯುತ್ತದೆ. ಎಲ್ಲರ ಬಲ ಒಂದೇ ಅಲ್ಲ. ಲೈನಸ್ ಪಾಲಿಂಗ್ ಎಂಬ ವಿಜ್ಞಾನಿ 1932ರಲ್ಲಿ ಈ ಸೆಳೆತಕ್ಕೆ ಅಂಕಿ ಕೊಟ್ಟರು. ಈಗಿನ ಲೆಕ್ಕದಲ್ಲಿ ಆಮ್ಲಜನಕಕ್ಕೆ 3.44, ತಾಮ್ರಕ್ಕೆ 1.90.

ಮೈಲುತುತ್ತ ನೀರಿನಲ್ಲಿ ಕರಗಿದಾಗ ಅದರ ತಾಮ್ರದ ಪ್ರತಿ ಪರಮಾಣುವಿಗೂ ಎರಡು ಎಲೆಕ್ಟ್ರಾನುಗಳ ಕೊರತೆ ಇರುತ್ತದೆ. ನೀರಿನಲ್ಲಿ ಕಬ್ಬಿಣಕ್ಕಿಂತ ತಾಮ್ರದ ಹಿಡಿತ ಬಲ. ಕುಡುಗೋಲು ಸಿಕ್ಕೊಡನೆ ತಾಮ್ರವು ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಲೋಹವಾಗಿ ಅಲಗಿಗೆ ಅಂಟುತ್ತದೆ. ಅದೇ ಆ ಕೆಂಪು. ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣ ಕರಗಿ ನೀರು ಸೇರುತ್ತದೆ.

ಸುಣ್ಣ ಸಾಕಷ್ಟಿದ್ದರೆ ಹೀಗಾಗದು. ಸುಣ್ಣದ ನೀರಿನಲ್ಲಿರುವ ಆಮ್ಲಜನಕ-ಜಲಜನಕದ ಜೋಡಿ ತಾಮ್ರದೊಡನೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತದೆ. ಆದರೆ ಸೆಳೆತ ಹೆಚ್ಚಿರುವ ಆಮ್ಲಜನಕವು ಅವನ್ನು ತನ್ನತ್ತಲೇ ಇಟ್ಟುಕೊಳ್ಳುತ್ತದೆ. ಹೀಗೆ ಕಟ್ಟಿಬಿದ್ದ ತಾಮ್ರ ಕರಗದ ನೀಲಿ ಗಷ್ಟಾಗಿ ಕಾಯಿಗೆ ಅಂಟಿಕೊಂಡು, ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗಿ ರೋಗಾಣುವನ್ನು ತಡೆಯುತ್ತದೆ. ಕಟ್ಟಿಗೆ ಸಿಗದೆ ಉಳಿದ ತಾಮ್ರ ಎಳೆಗಾಯಿಯನ್ನೂ ಸೋಗೆಯನ್ನೂ ಸುಡುತ್ತದೆ.

ಆದ್ದರಿಂದ ನಾವು ಗಮನಿಸಬೇಕಾದವು:

1. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರಿನಲ್ಲಿ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು.

2. ಕಬ್ಬಿಣದ ಡ್ರಮ್ಮು, ತಗಡಿನ ಬಕೀಟು ಬೇಡ; ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಇರಲಿ. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಇರುವುದೇ ಸುಮಾರು 250 ಗ್ರಾಂ. ಅದು ಡ್ರಮ್ಮಿಗೆ ಅಂಟಿದರೆ ಗೊನೆಗೆ ಸಿಗುವುದೇನು?

3. ಅಲಗು ಕೆಂಪಾದರೆ ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸಬೇಕು. ತಯಾರಿಸಿದ ದಿನವೇ ಹೊಡೆದು ಮುಗಿಸಬೇಕು.

ಕೊನೆಗಾರ ಮರ ಹತ್ತುವ ಮುನ್ನ ಒಂದು ನಿಮಿಷ ಕುಡುಗೋಲು ಅದ್ದೋಣ. ವರ್ಷದ ಫಸಲಿಗೆ ಅದೊಂದು ಕಾವಲು.