ಉಪ್ಪಿನ ಬ್ಯಾಟರಿಗೆ ಕಾಯಬೇಕೆ?

ಪ್ರಶ್ನೆ: ರಾಜೀವನಗರದಲ್ಲಿ ಇ-ಆಟೋ ಓಡಿಸುತ್ತೇನೆ. ನಾಲ್ಕು ವರ್ಷದ ಲಿಥಿಯಂ ಬ್ಯಾಟರಿ ಸೋತುಹೋಗಿದೆ. ಮಂಡಿ ಮೊಹಲ್ಲಾಕ್ಕೆ ನಾಲ್ಕು ಸಲ ಹೋಗಿ ಬಂದರೆ ಮತ್ತೆ ಚಾರ್ಜಿಗೆ ಹಾಕಬೇಕು. ಹೊಸದಕ್ಕೆ ಸಾಲವೇ ಗತಿ. ‘ಒಂದು ವರ್ಷ ತಡಿ, ಉಪ್ಪಿನ ಬ್ಯಾಟರಿ ಬರುತ್ತೆ, ಅರ್ಧ ರೇಟು, ಆರೇ ನಿಮಿಷದಲ್ಲಿ ಚಾರ್ಜು’ ಅಂತ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಾರೆ. ಕಾಯಲೇ ಸಾರ್?
– ಆಟೋ ಚಾಲಕ, ರಾಜೀವನಗರ

ಉತ್ತರ: ಕಾಯಬೇಡಿ. ದಿನದ ದುಡಿಮೆ ನಿಲ್ಲಿಸಿ ಕಾಯುವಂಥ ವಸ್ತು ಅದಿನ್ನೂ ಆಗಿಲ್ಲ.

ಆರು ನಿಮಿಷದ ಸುದ್ದಿ ಸುಳ್ಳಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ 2025ರಲ್ಲಿ ತೋರಿಸಿದ ಸೋಡಿಯಂ ಬ್ಯಾಟರಿ, ಅಂದರೆ ನೀವು ಹೇಳುವ ಉಪ್ಪಿನ ಬ್ಯಾಟರಿ, ಆರು ನಿಮಿಷದಲ್ಲಿ ಶೇ 80ರಷ್ಟು ತುಂಬುತ್ತದೆ, 3,000ಕ್ಕೂ ಹೆಚ್ಚು ಬಾರಿ ಚಾರ್ಜ್ ತಾಳುತ್ತದೆ. ನಮ್ಮವರೇ ಮಾಡಿದ್ದು ಎಂದು ನನಗೂ ಹೆಮ್ಮೆಯಿದೆ. ಆದರೆ ಅದು ಪ್ರಯೋಗಾಲಯದ ಸೆಲ್ಲು. ಅಲ್ಲಿಂದ ನಿಮ್ಮ ಸೀಟಿನ ಕೆಳಗೆ ಬಂದು ಕೂರಬೇಕಾದರೆ ಒಂದೇ ಗುಣಮಟ್ಟದ ಲಕ್ಷಾಂತರ ಸೆಲ್ ಮಾಡುವ ಕಾರ್ಖಾನೆ ಬೇಕು. ನಮ್ಮಲ್ಲಿ ಇನ್ನೂ ಎಬ್ಬಿಸಬೇಕಾಗಿರುವುದು ಅದನ್ನೇ.

‘ಅರ್ಧ ರೇಟು’ ಎಂಬಂಥ ಮಾತಿಗೆ ಬಲ ಬಂದದ್ದು 2022ರಲ್ಲಿ. ಆ ವರ್ಷದ ಕೊನೆಗೆ ಚೀನಾದಲ್ಲಿ ಲಿಥಿಯಂ ಬ್ಯಾಟರಿಯ ಕಚ್ಚಾವಸ್ತುವಾದ ಲಿಥಿಯಂ ಕಾರ್ಬೊನೇಟ್ ಬೆಲೆ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಹೋಗಿತ್ತು. ಎಲ್ಲರ ಕಣ್ಣೂ ಸೋಡಿಯಂ ಮೇಲೆ ಬಿತ್ತು. 2024ರೊಳಗೆ ಅದೇ ಲಿಥಿಯಂ 1 ಲಕ್ಷ ಯುವಾನಿಗಿಂತ ಕೆಳಗಿಳಿಯಿತು, ಸೋಡಿಯಂನ ಲಾಭವೂ ಅದರೊಂದಿಗೆ ಕರಗಿತು. ಅಮೆರಿಕದ ನೇಟ್ರಾನ್ ಎನರ್ಜಿ ಕಂಪನಿ 2024ರಲ್ಲಿ 140 ಕೋಟಿ ಡಾಲರಿನ ಸೋಡಿಯಂ ಬ್ಯಾಟರಿ ಕಾರ್ಖಾನೆ ಘೋಷಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು.

ಉಳಿತಾಯ ಎಲ್ಲಿದೆ ಎಂದು ಒಳಗೆ ಇಣುಕಿ ನೋಡಬೇಕು. ಸೆಲ್ ಬಿಡಿಸಿದರೆ ಕಾಣುವುದು ಚಾಪೆಯಂತೆ ಸುತ್ತಿಟ್ಟ ತೆಳು ಹಾಳೆಗಳು. ಲಿಥಿಯಂ ಸೆಲ್ಲಿನಲ್ಲಿ ಒಂದು ಹಾಳೆ ಅಲ್ಯುಮಿನಿಯಂ, ಇನ್ನೊಂದು ತಾಮ್ರ. ಋಣ ಬದಿಯಲ್ಲಿ ಲಿಥಿಯಂ ಅಲ್ಯುಮಿನಿಯಂ ಜೊತೆ ಬೆರೆತು ಅದನ್ನು ಕೆಡಿಸುವುದರಿಂದ ಅಲ್ಲಿ ತಾಮ್ರವೇ ಬೇಕು. ಸೋಡಿಯಂಗೆ ಆ ಚಾಳಿಯಿಲ್ಲ, ಎರಡೂ ಬದಿಗೆ ಅಗ್ಗದ ಅಲ್ಯುಮಿನಿಯಂ ಸಾಕು. ಆದರೆ ಸೋಡಿಯಂ ಪರಮಾಣು ಲಿಥಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಅದೇ ತೂಕದ ಬ್ಯಾಟರಿ ಸಾಮಾನ್ಯವಾಗಿ ಕಡಿಮೆ ದೂರ ಓಡುತ್ತದೆ. ವೋಲ್ಟೇಜ್ ಏರಿಳಿತವೂ ಜಾಸ್ತಿ, ಹಾಗಾಗಿ ಈಗಿನ ಕಂಟ್ರೋಲರು, ಚಾರ್ಜರುಗಳಿಗೆ ಸುಮ್ಮನೆ ತಗಲಿಸಲಾಗದು.

ಬರವಣಿಗೆಯಲ್ಲಿ ವಾರಂಟಿ ಕೊಡುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೆಗೆದುಕೊಳ್ಳಿ. ಮೀಟರ್ ಬಡ್ಡಿಗೆ ಮಾತ್ರ ಹೋಗಬೇಡಿ. ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿ.

ಪ್ರಶ್ನೆ: ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿದೆಯಲ್ಲ, ಇನ್ನು ನಾವು ಯಾರ ಮುಂದೆ ಕೈಚಾಚಬೇಕು?
– ಪಿಯು ವಿದ್ಯಾರ್ಥಿನಿ, ಮೈಸೂರು

ಉತ್ತರ: ಲಿಥಿಯಂ ಇರುವುದು ನಿಜ ಮಗಳೇ, ಅಂಕಿ ಮಾತ್ರ ಕುಗ್ಗಿದೆ. 2020ರ ಆರಂಭದಲ್ಲಿ ಪತ್ರಿಕೆಗಳು 14,100 ಟನ್ ಎಂದು ಬರೆದವು. ಮರುವರ್ಷ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ್ದು 1,600 ಟನ್. ಅದೂ ಪ್ರಾಥಮಿಕ ಹಂತದ ಅಂದಾಜು. ಚಿಲಿ ದೇಶದ ನಿಕ್ಷೇಪ 90 ಲಕ್ಷ ಟನ್ ಆಸುಪಾಸು. ಒಂದು ಇ-ಆಟೋಗೆ ಸುಮಾರು ಒಂದು ಕಿಲೋ ಲಿಥಿಯಂ ಬೇಕು ಎಂದಿಟ್ಟುಕೊಂಡರೆ, ಒಂದು ಚೂರೂ ಪೋಲಾಗದೆ ತೆಗೆದರೂ ಹದಿನಾರು ಲಕ್ಷ ಆಟೋಗಳಿಗೆ ಸಾಲುತ್ತದೆ, ಅಷ್ಟೇ. ಕಲ್ಲನ್ನು ಸುಟ್ಟು, ಆಮ್ಲದಲ್ಲಿ ಬೇಯಿಸಿ ತೆಗೆಯುವ ಖರ್ಚು ಬೇರೆ. ಅದಕ್ಕೇ ನಮ್ಮ ಸರ್ಕಾರಿ ಕಂಪನಿ ‘ಕಾಬಿಲ್’ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಲಿಥಿಯಂ ಬ್ಲಾಕುಗಳಿಗೆ ಸಹಿ ಹಾಕಿದ್ದು. ಮರ್ಲಗಲ್ಲವನ್ನು ಕಾಪಾಡಿಕೊಳ್ಳೋಣ, ಅದರ ಮೇಲೆ ಅರಮನೆ ಕಟ್ಟುವುದು ಬೇಡ.

ಪ್ರಶ್ನೆ: ಸೋಡಿಯಂ ಬ್ಯಾಟರಿಗೆ ಬೆಂಕಿಯೇ ಹತ್ತುವುದಿಲ್ಲವಂತೆ. ಮನೆಯ ಯುಪಿಎಸ್‌ಗೆ ಅದೇ ಹಾಕಿಸಬಹುದೆ?
– ಗೃಹಿಣಿ, ಕಲ್ಯಾಣಗಿರಿ

ಉತ್ತರ: ಹತ್ತುವುದೇ ಇಲ್ಲ ಎನ್ನುವುದು ಮಾರುವವರ ಮಾತು. ಸೋಡಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಸಾಗಿಸಬಹುದು, ಸುರಕ್ಷತೆಗೆ ಅದು ದೊಡ್ಡ ಅನುಕೂಲ. ಆದರೆ ಬಹುತೇಕ ಸೆಲ್ಲುಗಳ ಒಳಗಿನ ದ್ರವ ಈಗಲೂ ಉರಿಯುವಂಥದ್ದೇ. ಸದ್ಯ ನಿಮ್ಮ ಹಳೆಯ ಸೀಸದ ಬ್ಯಾಟರಿ ಸಾಕು. ಅದು ಸತ್ತಾಗ ಗುಜರಿಯವರಿಗೆ ಕೊಡಬೇಡಿ ಅಮ್ಮಾ, ಅಂಗಡಿಗೇ ಹಿಂತಿರುಗಿಸಿ. ಗಲ್ಲಿಯಲ್ಲಿ ಸೀಸ ಕರಗಿಸಿದ ಹೊಗೆ ಮಕ್ಕಳ ಮಿದುಳಿಗೆ ವಿಷ.

ಪ್ರಶ್ನೆ: ಉಪ್ಪು ನಮ್ಮ ಸಮುದ್ರದಲ್ಲೇ ಇದೆ. ಸೋಡಿಯಂ ಬಂದರೆ ಚೀನಾದ ಹಿಡಿತ ತಪ್ಪುವುದಿಲ್ಲವೆ?
– ನಿವೃತ್ತ ಬ್ಯಾಂಕ್ ನೌಕರ, ಸರಸ್ವತಿಪುರಂ

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಲಿಥಿಯಂ ಗಣಿಗಳು ಹೆಚ್ಚಾಗಿ ಆಸ್ಟ್ರೇಲಿಯಾ, ಚಿಲಿಗಳಲ್ಲಿವೆ. ಆದರೂ ಹಿಡಿತ ಚೀನಾದ್ದು, ಏಕೆಂದರೆ ಅದಿರನ್ನು ಶುದ್ಧ ಮಾಡುವ ಕೆಲಸದ ಬಹುಪಾಲು ಅಲ್ಲೇ ನಡೆಯುತ್ತದೆ. ಲಿಥಿಯಂ ಸೆಲ್ಲಿನ ಋಣ ಬದಿಗೆ ಬೇಕಾದ ಗ್ರಾಫೈಟ್ ರಫ್ತಿಗೆ ಚೀನಾ 2023ರ ಡಿಸೆಂಬರಿನಿಂದ ಪರವಾನಗಿ ಕಡ್ಡಾಯ ಮಾಡಿತು. 2025ರ ಏಪ್ರಿಲಿನಲ್ಲಿ ಮೋಟಾರಿಗೆ ಬೇಕಾದ ವಿರಳ ಭಸ್ಮ ಲೋಹಗಳ ಮ್ಯಾಗ್ನೆಟ್ಟಿಗೆ ಕಡಿವಾಣ ಹಾಕಿದಾಗ ನಮ್ಮ ಸ್ಕೂಟರ್ ಕಾರ್ಖಾನೆಗಳಿಗೇ ಬಿಸಿ ತಟ್ಟಿತು.

ಸೋಡಿಯಂನಲ್ಲೂ ಚೀನಾದವರೇ ಮುಂದೆ. ಅಲ್ಲಿನ ಸಿಎಟಿಎಲ್ ಕಂಪನಿ ತನ್ನ ಮೊದಲ ಸೋಡಿಯಂ ಬ್ಯಾಟರಿ ತೋರಿಸಿದ್ದು 2021ರಲ್ಲಿ. 2024ರಲ್ಲಿ ಹುಬೇ ಪ್ರಾಂತ್ಯದಲ್ಲಿ 100 ಮೆಗಾವಾಟ್-ಅವರ್ ವಿದ್ಯುತ್ ಕೂಡಿಡುವ ಸೋಡಿಯಂ ಕೇಂದ್ರ ಚಾಲೂ ಆಯಿತು. ತೂಕದ ಚಿಂತೆಯಿಲ್ಲದ ಅಂಥ ಜಾಗವೇ ಈ ಬ್ಯಾಟರಿಗೆ ಸರಿಯಾದ ಜಾಗ ಎಂಬುದು ನನ್ನ ಅಭಿಪ್ರಾಯ. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಹಗಲಿನ ಆ ವಿದ್ಯುತ್ತನ್ನು ಸಂಜೆಗೆ ಉಳಿಸಲು ನಾವು ಇದನ್ನು ಪರೀಕ್ಷಿಸಿ ನೋಡಬಹುದು.

ಸೋಡಿಯಂ ಸೆಲ್ಲಿಗೆ ಉಪ್ಪೊಂದೇ ಸಾಲದು. ಗ್ರಾಫೈಟ್ ಜಾಗದಲ್ಲಿ ಸಾಮಾನ್ಯವಾಗಿ ‘ಗಟ್ಟಿ ಇಂಗಾಲ’ ಬೇಕು, ಅದನ್ನು ಜಪಾನಿನಲ್ಲಿ ತೆಂಗಿನ ಕರಟದಿಂದ ಮಾಡುತ್ತಾರೆ. ಕರಟವನ್ನು ಗಾಳಿಯಾಡದಂತೆ ಸಾವಿರ ಡಿಗ್ರಿ ದಾಟಿಸಿ ಸುಟ್ಟು, ಶುದ್ಧ ಮಾಡಿ, ಹಿಟ್ಟಿನಂತೆ ಬೀಸುತ್ತಾರೆ. ಒಲೆಗೆ ಹಾಕುವ ಅದೇ ಕರಟ! ಜಕ್ಕೂರಿನ ವಿದ್ಯೆ ನಮ್ಮಲ್ಲಿದೆ, ತಿಪಟೂರಿನ ಕರಟವೂ ನಮ್ಮಲ್ಲಿದೆ. ಎರಡರ ನಡುವೆ ಇರಬೇಕಾದ ಕುಲುಮೆಯೇ ಇಲ್ಲದಿದ್ದರೆ ಉಪ್ಪು ನಮ್ಮದಾದರೂ ಬ್ಯಾಟರಿ ಚೀನಾದ್ದೇ. ತೆಂಗು ಬೆಳೆಯುವ ತಾಲ್ಲೂಕುಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಸರ್ಕಾರವನ್ನು ಈ ಕುಲುಮೆಗಾಗಿ ಕೇಳಲಿ. ನಿಮ್ಮ ಶಾಸಕರಿಗೆ ನೀವೂ ಒಂದು ಕಾಗದ ಬರೆಯಿರಿ.